ಕೆಲಸದ ಹೊತ್ತಿನಲ್ಲಿ ಫೋನ್ ಎಲ್ಲಿರಬೇಕು? ಒಂದು ಹೋಲಿಕೆ

ಕಳೆದ ವರ್ಷ ಕಾಫಿ ಕುಯ್ಲಿನ ಹೊತ್ತಿನಲ್ಲಿ ಒಂದು ಬಿಲ್ಲಿಗೆ 45 ಚೀಲದ ಬದಲು 54 ಅಂತ ಹೊಡೆದೆ. ಕೊಡಗಿನ ಗೋಣಿಕೊಪ್ಪಲಿನಲ್ಲಿ ಲೆಕ್ಕಪತ್ರ ನೋಡುವ ಸಣ್ಣ ಆಫೀಸು ನಮ್ಮದು. ಒಂದು ಚೀಲ ಅಂದರೆ 50 ಕೆಜಿ. ಒಂಬತ್ತು ಚೀಲದ ವ್ಯತ್ಯಾಸ ಎಷ್ಟು ದುಡ್ಡು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ತಾಳೆ ನೋಡುವಾಗ ಸಿಕ್ಕಿತು, ಸರಿಪಡಿಸಿದೆ, ಯಾರಿಗೂ ನಷ್ಟ ಆಗಲಿಲ್ಲ. ಆದರೆ ಆ ತಪ್ಪು ಆದ ಗಳಿಗೆ ಚೆನ್ನಾಗಿ ನೆನಪಿದೆ. ಚೀಟಿ ಓದಿದ್ದಕ್ಕೂ ಅಂಕಿ ಒತ್ತಿದ್ದಕ್ಕೂ ನಡುವೆ ನಾನೊಂದು ಮದುವೆಯ ಫೋಟೋ ನೋಡಿದ್ದೆ. ನಮ್ಮ ಮನೆ ಮದುವೆಯೂ ಅಲ್ಲ, ನೆಂಟರದ್ದೂ ಅಲ್ಲ.

ಆಮೇಲೆ ಕೆಲವು ತಿಂಗಳು ಒಂದೊಂದೇ ಉಪಾಯ ಮಾಡಿ ನೋಡಿದೆ. ನಾನೊಬ್ಬಳೇ ಅಲ್ಲ. ನಮ್ಮ ಮನೆಯವರು ಪಾಲಿಬೆಟ್ಟದ ಕಡೆ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ, ಕೆಲಸ ನೋಡಿಕೊಳ್ಳುವವರು. ಅಕ್ಕ ಕಕ್ಕಬ್ಬೆ ಹತ್ತಿರ ಹೋಂಸ್ಟೇ ನಡೆಸುತ್ತಾಳೆ. ಅವಳ ಮಗ ಮಡಿಕೇರಿಯಲ್ಲಿ ರೂಮು ಹಿಡಿದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾನೆ. ನಾಲ್ವರದೂ ಒಂದೇ ದೂರು, ಸಂಜೆ ಹೊತ್ತಿಗೆ ತಲೆ ಓಡುವುದಿಲ್ಲ. ಆದರೆ ಒಬ್ಬರಿಗೆ ಹಿಡಿಸಿದ ಮದ್ದು ಇನ್ನೊಬ್ಬರಿಗೆ ಹಿಡಿಸಲಿಲ್ಲ. ಯಾಕೆ ಅಂತ ಯೋಚಿಸುತ್ತಾ ಹೋದಾಗ ಹುಟ್ಟಿದ್ದು ಈ ಹೋಲಿಕೆ.

ಆರಿಸುವ ಮೊದಲು ಎರಡು ಪ್ರಶ್ನೆ

ಮೊದಲನೇ ಪ್ರಶ್ನೆ: ಅಡ್ಡಿ ಎಲ್ಲಿಂದ ಬರುತ್ತಿದೆ? ಒಂದು ದಿನ ಮೇಜಿನ ಮೇಲೆ ಹಳೇ ಬಿಲ್ಲೊಂದನ್ನು ಮಗುಚಿ ಇಟ್ಟುಕೊಳ್ಳಿ. ಮಾಡುತ್ತಿದ್ದ ಕೆಲಸ ತುಂಡಾದಾಗಲೆಲ್ಲ ಒಂದು ಗೀಟು ಎಳೆಯಿರಿ. ಹೊರಗಿನಿಂದ ಅಡ್ಡಿ ಬಂದರೆ ಎಡಕ್ಕೆ, ನೀವೇ ಕೈಚಾಚಿ ಫೋನ್ ತೆಗೆದಿದ್ದರೆ ಬಲಕ್ಕೆ. ನನ್ನದು ಊಟದ ಹೊತ್ತಿಗೆ ಎಡಕ್ಕೆ 11, ಬಲಕ್ಕೆ 15. ಅಷ್ಟು ದಿನ ಬೇರೆಯವರನ್ನು ಬೈದುಕೊಂಡದ್ದು ಸುಮ್ನೆ ಅಂತಾಯಿತು.

ನನ್ನದೊಬ್ಬಳದೇ ಕತೆಯಲ್ಲ ಇದು. ಅಮೆರಿಕದ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಎರಡು ದಶಕ ಆಫೀಸು ಕೆಲಸದವರ ಗಮನ ಅಳೆಯುತ್ತಾ ಬಂದವರು, ಮೊದಮೊದಲು ಪಕ್ಕದಲ್ಲಿ ಗಡಿಯಾರ ಹಿಡಿದು ಕೂತು. 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಕಣ್ಣಿಡುತ್ತಿದ್ದರು. ಈಚಿನ ಅಳತೆಯಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಅಡ್ಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಮಗೆ ತಾವೇ ಮಾಡಿಕೊಂಡದ್ದು ಅಂತಲೂ ಅವರಿಗೆ ಕಂಡಿತು. ನನಗೆ ಇದಕ್ಕಿಂತ ನಾಟಿದ್ದು ಅವರ 2008ರ ಪ್ರಯೋಗ. ನಡುನಡುವೆ ಅಡ್ಡಿಪಡಿಸಿದರೆ ಕೆಲಸ ತಡವಾಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಹಾಗಾಗಲಿಲ್ಲ. ಅಡ್ಡಿಯಾದವರು ಬೇಗ ಮುಗಿಸಿದರು. ಹೋದ ಹೊತ್ತನ್ನು ಹಿಡಿಯಲು ಓಡಿದರು, ಅದಕ್ಕೆ ಬೆಲೆಯಾಗಿ ಒತ್ತಡ, ಕಿರಿಕಿರಿ ಜಾಸ್ತಿ ಅನುಭವಿಸಿದರು. ಸಂಜೆ ಫೈಲು ಮುಗಿದಿದ್ದರೂ ಮೈ ಹಿಂಡಿದಂತಾಗುವುದು ಯಾಕೆ ಅನ್ನುವುದಕ್ಕೆ ನನಗೆ ಸಿಕ್ಕ ಉತ್ತರ ಇದು. ಕೆಲಸ ನಿಂತಿಲ್ಲ ಅಂತ ನಾವು ಸಮಾಧಾನ ಮಾಡಿಕೊಳ್ಳುತ್ತೇವೆ, ನಿಂತು ಹೋಗಿರುವುದು ನಾವು.

ಎರಡನೇ ಪ್ರಶ್ನೆ: ನೀವು ಒಂದು ಗಂಟೆ ತಡವಾಗಿ ಉತ್ತರಿಸಿದರೆ ಏನಾಗುತ್ತದೆ? ನನ್ನ ಮಟ್ಟಿಗೆ ಏನೂ ಇಲ್ಲ, ತಿಂಗಳ 11 ಮತ್ತು 20ನೇ ತಾರೀಕು ಬಿಟ್ಟು. ಅವು ಜಿಎಸ್‌ಟಿ ರಿಟರ್ನ್‌ಗಳ ಕೊನೇ ದಿನಗಳು. ಅಕ್ಕನಿಗೆ ಒಂದು ಬುಕಿಂಗ್ ಪಕ್ಕದ ಹೋಂಸ್ಟೇಗೆ ಹೋಗಬಹುದು. ಹುಡುಗನಿಗೆ ಸರ್ವರ್ ಕೆಟ್ಟರೆ ಮಾತ್ರ ಅವಸರ. ಮನೆಯವರದು ಬೇರೆಯೇ ಲೆಕ್ಕ. ತೋಟಕ್ಕೆ ಆನೆ ಇಳಿದಿದೆ ಅನ್ನುವ ಮೆಸೇಜು ಅರ್ಧ ಗಂಟೆ ತಡವಾದರೆ ಅಷ್ಟರಲ್ಲಿ ಕೆಲಸದವರು ಅದೇ ಬ್ಲಾಕಿಗೆ ಹೊರಟಿರುತ್ತಾರೆ. ಹಾಗಾಗಿ ‘ಫೋನ್ ಆಫ್ ಮಾಡಿಬಿಡಿ’ ಅನ್ನುವ ಸಲಹೆಯನ್ನು ನಮ್ಮ ಊರಲ್ಲಿ ಹೇಳುವವರು ಸ್ವಲ್ಪ ಯೋಚಿಸಿ ಹೇಳಬೇಕು.

ಬೇರೆ ಕೋಣೆಯಲ್ಲಿಡುವುದೋ, ಕೀಪ್ಯಾಡ್ ಫೋನೋ

ಬಲಗಡೆ ಗೀಟು ಜಾಸ್ತಿ ಇರುವವರಿಗೆ, ಅಂದರೆ ತಮ್ಮ ಕೈಯೇ ತಮಗೆ ಶತ್ರು ಆಗಿರುವವರಿಗೆ, ಖರ್ಚಿಲ್ಲದ ದಾರಿ ದೂರ ಇಡುವುದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟವರು, ಜೇಬು ಅಥವಾ ಚೀಲದಲ್ಲಿ ಇಟ್ಟವರು, ಬೇರೆ ಕೋಣೆಯಲ್ಲಿ ಬಿಟ್ಟವರು ಅಂತ ಮೂರು ಗುಂಪು ಮಾಡಿ ತಲೆಗೆ ಕೆಲಸ ಕೊಟ್ಟರು. ಬೇರೆ ಕೋಣೆಯಲ್ಲಿ ಬಿಟ್ಟವರು ಮೇಜಿನ ಮೇಲಿಟ್ಟವರಿಗಿಂತ ಚೆನ್ನಾಗಿ ಮಾಡಿದರು, ಫೋನ್ ಸದ್ದು ಮಾಡದೇ ಇದ್ದರೂ. ಆಮೇಲೆ ಬೇರೆಯವರು ಇದನ್ನೇ ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ. ಹಾಗಾಗಿ ಬುದ್ಧಿ ಹೆಚ್ಚುತ್ತದೆ ಅಂತ ನಾನು ಹೇಳುವುದಿಲ್ಲ. ಎದ್ದು ಹೋಗಬೇಕಲ್ಲ ಅನ್ನುವ ಸೋಮಾರಿತನ ಕೆಲಸಕ್ಕೆ ಬರುತ್ತದೆ, ನನಗೆ ಅಷ್ಟು ಸಾಕು.

ತೊಂದರೆ ಎಲ್ಲಿ ಅಂದರೆ ಒಟಿಪಿ. ಪೋರ್ಟಲ್ಲು, ಬ್ಯಾಂಕು, ಎಲ್ಲದಕ್ಕೂ ಆರು ಅಂಕಿ ಬೇಕು. ರಿಟರ್ನ್ ಹಾಕುವ ದಿನ ನಾನು ಹತ್ತು ಸಲ ಎದ್ದು ಹೋದೆ, ಪ್ರತಿ ಸಲ ಒಟಿಪಿ ಜೊತೆಗೆ ಇನ್ನೇನೋ ನೋಡಿಕೊಂಡು ಬಂದೆ. ಇನ್ನೊಂದು ನಾಚಿಕೆಯ ಸಂಗತಿ. ಫೋನ್ ಪಕ್ಕದ ಕೋಣೆಯ ಬೀರುವಿನಲ್ಲಿತ್ತು, ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದೇ ಇತ್ತು. ಮೂರು ದಿನ ಆದ ಮೇಲೆ ಗೊತ್ತಾಯಿತು.

ಕೀಪ್ಯಾಡ್ ಫೋನು ಇದಕ್ಕೆ ಉತ್ತರ ಅನ್ನುವವರಿದ್ದಾರೆ. ಸಾವಿರ-ಎರಡು ಸಾವಿರದೊಳಗೆ ಸಿಗುತ್ತದೆ, ಒಟಿಪಿ ಬರುತ್ತದೆ, ಮಳೆಗಾಲದಲ್ಲಿ ಕರೆಂಟಿಲ್ಲದ ಮೂರು ದಿನವೂ ಚಾರ್ಜ್ ನಿಲ್ಲುತ್ತದೆ. ಕೊನೆಯದೇ ನಮ್ಮ ಕಡೆ ದೊಡ್ಡ ಗುಣ. 2022ರಿಂದ ಇಂಥ ಫೋನಿನಲ್ಲೂ ಯುಪಿಐ 123ಪೇ ಮೂಲಕ ದುಡ್ಡು ಕಳಿಸಬಹುದು. ಆದರೆ ಕೆಲಸದ ಫೋಟೋ, ಲೊಕೇಶನ್, ಗುಂಪಿನ ಸುದ್ದಿ ಯಾವುದೂ ಬರುವುದಿಲ್ಲ. ನನ್ನ ಸಲಹೆ: ಎರಡನೇ ಫೋನ್ ಆಗಿ ಇರಲಿ. ಬ್ಯಾಂಕಿಗೆ ಕೊಟ್ಟ ಸಿಮ್ಮು ಅದರಲ್ಲಿ, ಮನೆಯವರಿಗೆ ಆ ನಂಬರು ಗೊತ್ತಿರಲಿ, ದೊಡ್ಡ ಫೋನು ಬೀರುವಿನಲ್ಲಿ. ನಾನು ಕೊನೆಗೆ ನಿಂತದ್ದು ಇಲ್ಲೇ. ಇಬ್ಬರು ಪರಿಚಯದವರು ಕೀಪ್ಯಾಡ್ ಒಂದನ್ನೇ ಇಟ್ಟುಕೊಳ್ಳುತ್ತೇನೆ ಅಂತ ಹೊರಟು, ಹದಿನೈದು ದಿನಕ್ಕೆ ವಾಪಸ್ ಬಂದರು.

ಆ್ಯಪ್ ಟೈಮರೋ, ಡು ನಾಟ್ ಡಿಸ್ಟರ್ಬೋ

ಫೋನ್ ಕೈಯಲ್ಲೇ ಇರಬೇಕಾದವರಿಗೆ ಫೋನಿನೊಳಗಿನ ಬೀಗಗಳೇ ಗತಿ. ಆಂಡ್ರಾಯ್ಡ್‌ಗೆ ಡಿಜಿಟಲ್ ವೆಲ್‌ಬೀಯಿಂಗ್, ಐಫೋನಿಗೆ ಸ್ಕ್ರೀನ್ ಟೈಮ್, ಎರಡೂ ಬಂದದ್ದು 2018ರಲ್ಲಿ. ರೀಲ್ಸ್ ನೋಡುವ ಆ್ಯಪಿಗೆ ದಿನಕ್ಕೆ 20 ನಿಮಿಷ ಅಂತ ಇಟ್ಟರೆ ಮುಗಿದ ಮೇಲೆ ಅದರ ಗುರುತು ಬೂದುಬಣ್ಣಕ್ಕೆ ತಿರುಗುತ್ತದೆ. ನೋಡಲು ಚೆನ್ನಾಗಿದೆ. ಆದರೆ ಬೀಗ ಹಾಕಿದವರ ಕೈಯಲ್ಲೇ ಕೀಲಿಯೂ ಇದೆ. ಅಕ್ಕನ ಮಗ ನಾಲ್ಕನೇ ದಿನಕ್ಕೇ ಟೈಮರ್ ತೆಗೆದ. ಕೇಳಿದ್ದಕ್ಕೆ, ‘ಚಿಕ್ಕಮ್ಮ, ಅದು ನನ್ನನ್ನು ತಡೆಯುವುದಿಲ್ಲ, ನಾಚಿಕೆ ಮಾಡಿಸುತ್ತದೆ ಅಷ್ಟೇ’ ಅಂದ. ಒಂದು ವಾರ ಅಳತೆಗೆ ಬಳಸಿ, ಎಷ್ಟು ಹೊತ್ತು ಹೋಗುತ್ತಿದೆ ಅಂತ ತಿಳಿಯುತ್ತದೆ. ತಡೆಯಾಗಿ ನನಗೆ ಅದರ ಮೇಲೆ ಭರವಸೆ ಇಲ್ಲ.

ಡು ನಾಟ್ ಡಿಸ್ಟರ್ಬ್ ಬಗ್ಗೆ ನನಗೆ ಇದ್ದ ಅಸಡ್ಡೆ ಹೋಯಿತು. ಅದು ಎಲ್ಲವನ್ನೂ ಮುಚ್ಚುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ಕೆಲವು ನಂಬರಿಗೆ ನಕ್ಷತ್ರ ಹಾಕಿ ಅವರ ಕರೆ ಮಾತ್ರ ಬಿಡಬಹುದು. ಆಂಡ್ರಾಯ್ಡಿನಲ್ಲಿ ಒಂದೇ ನಂಬರು 15 ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ರಿಂಗ್ ಆಗಲಿ ಅಂತಲೂ ಇಡಬಹುದು, ಐಫೋನಿನಲ್ಲಿ ಆ ಅಂತರ ಮೂರು ನಿಮಿಷ. ನಮ್ಮ ಮನೆಯವರಿಗೆ ಹಿಡಿಸಿದ್ದು ಇದು. ಚೆಕ್‌ರೋಲ್ ಅಂದರೆ ಕೆಲಸದವರ ಹಾಜರಿ ಪುಸ್ತಕ ಬರೆಯುವ ಹೊತ್ತಿನಲ್ಲಿ ಮೇಸ್ತ್ರಿ, ತೋಟದ ಧಣಿ, ನಾನು, ಮತ್ತೆ ಪಕ್ಕದ ತೋಟದ ಇಬ್ಬರು, ಇಷ್ಟು ಜನರಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಕಾಫಿ ರೇಟಿನ ಗುಂಪಿಗೆ ಇಲ್ಲ. ರೊಬಸ್ಟಾದ ದರ ಲಂಡನ್ನಿನಲ್ಲಿ ಏರಿಳಿಯುತ್ತದೆ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಇಲ್ಲಿ ಗಳಿಗೆಗೊಮ್ಮೆ ಫೋನ್ ತೆಗೆದು ನೋಡಿದರೆ ಎರಡೂ ಕಡೆ ಯಾರೂ ಹೆದರುವುದಿಲ್ಲ. ಅವತ್ತೇ ಮಾರುವವರು ನೋಡಲಿ, ಕಣದಲ್ಲಿ ಇನ್ನೂ ಹಣ್ಣು ಹರವಿಕೊಂಡಿರುವವರಿಗೆ ದಿನಕ್ಕೊಮ್ಮೆ ಸಾಕು.

ಹೊತ್ತು ಕಟ್ಟಿ ನೋಡುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನವರಿಗೆ ಒಗ್ಗುವುದು ಇದೇ ಅಂತ ನನ್ನ ಅಂದಾಜು.

ಒಂದು ಜುಲೈಯಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು. ಟವರಿನ ಡೀಸೆಲ್ಲೂ ಮುಗಿದಿರಬೇಕು, ಮೂರು ದಿನ ನೆಟ್‌ವರ್ಕ್ ಇಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿದರೆ ‘ಆಹಾ, ಎಷ್ಟು ನೆಮ್ಮದಿ’ ಅನ್ನುತ್ತಾರೆ. ನಮಗೆ ಗೊತ್ತು ಅದು ಹೇಗಿರುತ್ತದೆ ಅಂತ. ಮೊದಲ ದಿನ ಕೈ ಸುಮ್ನೆ ಜೇಬಿಗೆ ಹೋಗುತ್ತದೆ. ಎರಡನೇ ದಿನ ಗುಡ್ಡದ ಮೇಲೆ ಒಂದು ಕಡ್ಡಿ ಸಿಗುತ್ತದಂತೆ ಅಂತ ಕೊಡೆ ಹಿಡಿದು ಹೊರಡುತ್ತೇವೆ. 2018ರ ಆಗಸ್ಟಿನ ಭೂಕುಸಿತ ಕಂಡವರಿಗೆ, ಮಳೆಗಾಲದಲ್ಲಿ ಫೋನ್ ಸತ್ತರೆ ನೆಮ್ಮದಿ ಬರುವುದಿಲ್ಲ, ಭಯ ಬರುತ್ತದೆ. ನಾಲ್ಕನೇ ದಿನ ಸಿಗ್ನಲ್ ಬಂತು, ನಾನೂರು ಮೆಸೇಜು ಒಟ್ಟಿಗೆ ಸುರಿದವು, ಆ ದಿನ ಕೆಲಸ ಆಗಲಿಲ್ಲ.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದಾಗ ಆ ಮೂರು ದಿನ ನೆನಪಾಯಿತು. ಅದು ನಮ್ಮ ದೇಶದಲ್ಲೇ, 237 ಸ್ಮಾರ್ಟ್‌ಫೋನ್ ಬಳಕೆದಾರರ ಮೇಲೆ ಎರಡು ವಾರ ನಡೆದದ್ದು. ಕೆಲವರಿಗೆ ನೋಟಿಫಿಕೇಶನ್ ಎಂದಿನಂತೆ ಬಂದವು, ಕೆಲವರಿಗೆ ಕಂತಿನಲ್ಲಿ, ಕೆಲವರಿಗೆ ಬರಲೇ ಇಲ್ಲ. ದಿನಕ್ಕೆ ಮೂರು ಕಂತಿನಲ್ಲಿ ಪಡೆದವರು ಗಮನ ಕೂಡುತ್ತಿದೆ, ಕೆಲಸ ಸಾಗುತ್ತಿದೆ, ಮನಸ್ಸು ಹಗುರವಾಗಿದೆ ಅಂದರು. ಏನೂ ಬರದವರಿಗೆ ಆ ಲಾಭ ಅಷ್ಟಾಗಿ ಸಿಗಲಿಲ್ಲ, ಬದಲಿಗೆ ಕಳವಳ ಜಾಸ್ತಿಯಾಯಿತು, ಎಲ್ಲಿ ಏನು ತಪ್ಪಿಹೋಗುತ್ತಿದೆಯೋ ಅಂತ. ಪೂರ್ತಿ ಬಾಗಿಲು ಹಾಕುವುದಕ್ಕಿಂತ ಹೊತ್ತು ಗೊತ್ತು ಮಾಡಿ ತೆರೆಯುವುದೇ ಮೇಲು ಅನ್ನುವುದು ಮಳೆಗಾಲ ಕಂಡ ನಮಗೆ ಬೇಗ ಅರ್ಥವಾಗುತ್ತದೆ.

ಮಾಡುವುದು ಹೇಗೆ? ಐಫೋನಿನಲ್ಲಿ ನೋಟಿಫಿಕೇಶನ್‌ಗಳನ್ನು ಒಟ್ಟುಮಾಡಿ ಹೇಳಿದ ಹೊತ್ತಿಗೆ ಕೊಡುವ ವ್ಯವಸ್ಥೆ 2021ರಿಂದ ಇದೆ. ನನ್ನದು ಸಾದಾ ಆಂಡ್ರಾಯ್ಡು. ವಾಟ್ಸಾಪಿನ ಸದ್ದು ನಿಲ್ಲಿಸಿ ಬೆಳಿಗ್ಗೆ ಹತ್ತೂವರೆ, ಮಧ್ಯಾಹ್ನ ಒಂದೂವರೆ, ಸಂಜೆ ಐದಕ್ಕೆ ಅಲಾರಂ ಇಟ್ಟೆ. ಪಾರ್ಟಿಗಳಿಗೆ ಒಂದು ಮಾತು ಹೇಳಿಟ್ಟೆ: ಅವಸರ ಇದ್ದರೆ ಕರೆ ಮಾಡಿ, ಮೆಸೇಜ್ ಹಾಕಬೇಡಿ. ಮೊದಲ ವಾರ ಎಲ್ಲರಿಗೂ ಎಲ್ಲವೂ ಅವಸರವೇ ಆಗಿತ್ತು. ಆಮೇಲೆ ಕರೆ ಮಾಡುವುದು ತ್ರಾಸ ಅನ್ನಿಸಿತೋ ಏನೋ, ದಿನಕ್ಕೆ ಎರಡಕ್ಕೆ ಇಳಿಯಿತು.

ಅಕ್ಕನಿಗೆ ಮಾತ್ರ ಇದು ಆಗಲಿಲ್ಲ. ರೂಮು ಕೇಳುವವರು ಒಂದೇ ಸಲ ಐದು ಕಡೆ ಕೇಳಿರುತ್ತಾರೆ, ಮೊದಲು ಉತ್ತರಿಸಿದವರಿಗೆ ಹೋಗುತ್ತಾರೆ. ಅವಳು ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡಳು. ಕೇಳಿದ ಕೂಡಲೇ ‘ನಮಸ್ಕಾರ, ಎಷ್ಟು ಜನ, ಯಾವ ತಾರೀಕು?’ ಅಂತ ತಾನಾಗಿ ಹೋಗುತ್ತದೆ. ದರ, ದಾರಿ, ಊಟದ ವಿವರಕ್ಕೆ ಮೊದಲೇ ಬರೆದಿಟ್ಟ ಉತ್ತರ. ಎಣ್ಣೆಯಲ್ಲಿ ಕೈ ಇದ್ದಾಗ ಫೋನ್ ಒರೆಸಿ ಒರೆಸಿ ಟೈಪ್ ಮಾಡುವುದು ತಪ್ಪಿತು. ಪುತ್ತರಿ ಸುಗ್ಗಿ ಹಬ್ಬದ ರಜೆಯಲ್ಲೋ ವಾರದ ಕೊನೆಯಲ್ಲೋ ಅದೂ ಸಾಲದು, ಫೋನಿಗೇ ಒಬ್ಬರು ಬೇಕು.

25 ನಿಮಿಷದ ಗಡಿಯಾರ

ಇದನ್ನು ಬೇಗ ಮುಗಿಸುತ್ತೇನೆ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕಂಡುಕೊಂಡ ಕ್ರಮ: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಶುರು ಮಾಡಲು ಮನಸ್ಸಿಲ್ಲದ ಕೆಲಸಕ್ಕೆ ಒಳ್ಳೆಯದು, ಬಿಲ್ಲು ಜೋಡಿಸುವುದು, ಎಂಟ್ರಿ ಹೊಡೆಯುವುದು ಇತ್ಯಾದಿ. ಹುಡುಗನ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಒಗ್ಗಲಿಲ್ಲ. ತಲೆ ಒಳಗೆ ಇಳಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅವನು ಒಂದೂವರೆ ಗಂಟೆಯ ಕಂತು ಮಾಡಿಕೊಂಡಿದ್ದಾನೆ. ಟೈಮರ್ ಫೋನಿನದ್ದಾಗಿರಬಾರದು, ಕಾರಣ ಹೇಳಬೇಕಾಗಿಲ್ಲ.

ಬಿಡುವಿನಲ್ಲಿ ಏನು ಮಾಡುವುದು

ಅಡ್ಡಿ ಕಡಿಮೆ ಮಾಡಿದರೂ ದಣಿವು ಪೂರ್ತಿ ಹೋಗುವುದಿಲ್ಲ. ಬಿಡುವು ಹೇಗೆ ಕಳೆಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಮೂರು ಸ್ಪರ್ಧಿಗಳು: ರೀಲ್ಸ್, ಕಾಫಿ, ನಡಿಗೆ.

ರೀಲ್ಸ್ ಬಿಡುವಲ್ಲ. 2019ರಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಒಗಟು ಬಿಡಿಸುವ ನಡುವೆ ಬಿಡುವನ್ನು ಫೋನಿನಲ್ಲಿ ಕಳೆದ ವಿದ್ಯಾರ್ಥಿಗಳು ಆಮೇಲೆ ಜಾಸ್ತಿ ಹೊತ್ತು ತೆಗೆದುಕೊಂಡು ಕಡಿಮೆ ಬಿಡಿಸಿದರು.

ಕಾಫಿಯ ವಿಷಯ ಕೊಡಗಿನಲ್ಲಿ ಕೂತು ಬರೆಯುವುದು ಅಪಾಯ. ಆದರೂ ಹೇಳುತ್ತೇನೆ. ಕೆಫೀನ್ ದಣಿವನ್ನು ತೆಗೆಯುವುದಿಲ್ಲ, ದಣಿದಿದ್ದೀಯ ಅನ್ನುವ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ ಐದರ ಲೋಟದ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿದೆ. ನಮ್ಮಲ್ಲಿ ಜಾಸ್ತಿ ಬೆಳೆಯುವುದು ರೊಬಸ್ಟಾ, ಅದರಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಚಿಕೋರಿ ಜಾಸ್ತಿ ಹಾಕಿದ ಹೋಟೆಲ್ ಕಾಫಿಯನ್ನು ಬೈಯುವವರು ಸಂಜೆ ಹೊತ್ತಿಗೆ ಅದನ್ನೇ ಹೊಗಳಬಹುದು. ಮಧ್ಯಾಹ್ನ ಮೂರರ ಮೇಲೆ ನಾನು ಕುಡಿಯುವುದಿಲ್ಲ. ನೆಂಟರ ಮನೆ ಬೆಲ್ಲದ ಕಾಫಿ ಲೆಕ್ಕಕ್ಕಿಲ್ಲ.

ನಡಿಗೆಗೆ ನನ್ನ ಓಟು. 2008ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕೆಲವರನ್ನು ಒಂದು ಸಲ ಮರಗಳ ನಡುವೆ, ಇನ್ನೊಂದು ಸಲ ಪೇಟೆ ಬೀದಿಯಲ್ಲಿ ಐವತ್ತು ನಿಮಿಷದಷ್ಟು ನಡೆಸಿ, ಆಮೇಲೆ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿದರು. ಮರಗಳ ನಡುವೆ ನಡೆದು ಬಂದಾಗ ಚೆನ್ನಾಗಿ ಬಂತು. ಚಳಿಗಾಲದಲ್ಲಿ ನಡುಗುತ್ತಾ, ಇಷ್ಟವಿಲ್ಲದೇ ನಡೆದವರಿಗೂ ಲಾಭವಾಯಿತು. ಮಳೆ, ಜಿಗಣೆ ಅಂತ ನೆಪ ಹೇಳುವ ನನಗೆ ಇದು ಸರಿಯಾಗಿ ಚುಚ್ಚಿತು. ಬೆಂಗಳೂರಿನವರು ದುಡ್ಡು ಕೊಟ್ಟು ನೋಡಲು ಬರುವ ಹಸಿರಿಗೆ ಬೆನ್ನು ಹಾಕಿ ನಾವು ಅದರದ್ದೇ ರೀಲ್ಸ್ ನೋಡುತ್ತೇವೆ. ಐವತ್ತು ನಿಮಿಷ ಯಾರಿಗೂ ಸಿಗುವುದಿಲ್ಲ, ಹತ್ತು ನಿಮಿಷ ಸಿಗುತ್ತದೆ. ಹೊರಗೆ ಹೋಗಲಾಗದಷ್ಟು ಮಳೆ ಇದ್ದರೆ ಕಿಟಕಿ ಬಳಿ ನಿಂತು ದೂರ ನೋಡಿ. ಕಣ್ಣಿನ ಡಾಕ್ಟರು ಹೇಳುವ ಕ್ರಮವೂ ಅದೇ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು.

ಒಂದು ಎಚ್ಚರ. ರಜೆ ಹಾಕಿ ಮಲಗಿದರೂ ಹೋಗದ ದಣಿವು, ಕೆಲಸದ ಹೆಸರೆತ್ತಿದರೆ ಹೇಸಿಗೆ, ಏನು ಮಾಡಿದರೂ ಆಗುತ್ತಿಲ್ಲ ಅನ್ನುವ ಭಾವನೆ ವಾರಗಟ್ಟಲೆ ಇದ್ದರೆ ಅದು ಫೋನಿನ ಸೆಟ್ಟಿಂಗ್ ಬದಲಿಸಿ ಸರಿಹೋಗುವ ಮಾತಲ್ಲ. ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಒಬ್ಬರೇ ಮಾಡುವುದೋ, ಎಲ್ಲರೂ ಸೇರಿಯೋ

ಎಡಗಡೆ ಗೀಟು ಜಾಸ್ತಿ ಬಂದವರಿಗೆ ಮೇಲಿನ ಯಾವುದೂ ಪೂರ್ತಿ ಸಾಲದು. ಅಡ್ಡಿ ಹೊರಗಿನಿಂದ ಬರುತ್ತಿದ್ದರೆ ಮಾತು ಹೊರಗಿನವರ ಜೊತೆಯೇ ಆಗಬೇಕು. ಹುಡುಗನ ಕಂಪನಿಯಲ್ಲಿ ರಾತ್ರಿ ಹತ್ತಕ್ಕೂ ಮೆಸೇಜು ಬರುತ್ತದೆ. ಫ್ರಾನ್ಸಿನಲ್ಲಿ 2017ರಿಂದ ಕೆಲಸದ ಹೊತ್ತಿನಾಚೆ ಫೋನಿನಿಂದ ದೂರ ಇರುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಅಂಥ ಖಾಸಗಿ ಮಸೂದೆ ತಂದಿದ್ದರು, ಅದು ಕಾನೂನಾಗಲಿಲ್ಲ. ಹಾಗಾಗಿ ಅವನು ಕಾನೂನಿನ ಮಾತೆತ್ತದೆ ತಂಡದವರೊಡನೆ ಒಂದು ಒಪ್ಪಂದ ಮಾಡಿಕೊಂಡ: ಸರ್ವರ್ ಬಿದ್ದರೆ ಕರೆ, ಉಳಿದದ್ದೆಲ್ಲ ಬೆಳಿಗ್ಗೆ. ಎಂಟು ಜನರ ತಂಡದಲ್ಲಿ ಅದು ನಡೆಯುತ್ತದೆ. ಎಂಬತ್ತು ಜನರ ಗುಂಪಿನಲ್ಲಿ ಕಷ್ಟ.

ದೊಡ್ಡ ಗುಂಪಿಗೆ ಎರಡು ದಾರಿ. ಒಂದು, ನೀವು ಆ ಗುಂಪನ್ನು ಮ್ಯೂಟ್ ಮಾಡುವುದು. ಎಂಟು ಗಂಟೆ, ಒಂದು ವಾರ, ಸದಾಕಾಲ ಅಂತ ಮೂರು ಆಯ್ಕೆ ಇವೆ. ಊರಿನ ಗುಂಪು, ಶಾಲೆಯ ಹಳೇ ಗೆಳೆಯರ ಗುಂಪಿಗೆ ಕಣ್ಣು ಮುಚ್ಚಿ ಸದಾಕಾಲ ಒತ್ತಿ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಅಡ್ಮಿನ್ ಮಾತ್ರ ಬರೆಯಬಹುದು ಅಂತ ಗುಂಪನ್ನೇ ಕಟ್ಟುವುದು. ನಮ್ಮ ಆಫೀಸಿನ ಗುಂಪಿಗೆ ಹಾಗೆ ಮಾಡಿದ ಮೇಲೆ ದಿನಕ್ಕೆ ಎರಡು ಮೆಸೇಜು ಬಂದರೆ ಜಾಸ್ತಿ.

ಮನೆಯವರ ಆನೆ ಗುಂಪಿಗೆ ಮಾತ್ರ ಎರಡೂ ನಡೆಯಲಿಲ್ಲ. ಮ್ಯೂಟ್ ಮಾಡುವ ಹಾಗಿಲ್ಲ. ಅಡ್ಮಿನ್ ಮಾತ್ರ ಅಂತ ಇಟ್ಟರೆ ಆನೆ ಕಂಡವರು ಬರೆಯಲಾಗುವುದಿಲ್ಲ, ಆನೆ ಅಡ್ಮಿನ್‌ಗೇ ಕಾಣಿಸಿಕೊಳ್ಳಬೇಕು ಅಂತೇನೂ ಇಲ್ಲವಲ್ಲ. ಬೆಳಿಗ್ಗೆ ಆರಕ್ಕೆ ಹೂವಿನ ಚಿತ್ರದ ಜೊತೆ ಶುಭೋದಯ, ಅದರ ಕೆಳಗೆ ‘ಕೆರೆ ಪಕ್ಕ ಮೂರು, ಮರಿ ಇದೆ’ ಅನ್ನುವ ಸಾಲು. ಎರಡಕ್ಕೂ ಒಂದೇ ಸದ್ದು. ಹೊಸ ಗುಂಪು ಮಾಡಿ ‘ಆನೆ ಮಾತ್ರ’ ಅಂತ ಹೆಸರಿಟ್ಟರು. ಆರನೇ ದಿನ ಯಾರದೋ ಹುಟ್ಟುಹಬ್ಬ ಬಂತು, ನಲವತ್ತು ಜನ ಹಾರೈಸಿದರು. ಈಗ ಮಾಡಿಕೊಂಡಿರುವುದು ಇಷ್ಟು: ಕಂಡವರು ಮೊದಲು ಇಬ್ಬರು ರೈಟರ್‌ಗಳಿಗೆ ಕರೆ ಮಾಡುತ್ತಾರೆ, ಆಮೇಲೆ ಗುಂಪಿಗೆ ಹಾಕುತ್ತಾರೆ. ಆ ಇಬ್ಬರ ಫೋನಿನಲ್ಲಿ ಕರೆಗೆ ಬಾಗಿಲು ತೆರೆದಿರುತ್ತದೆ, ಮೆಸೇಜಿಗೆ ಇಲ್ಲ. ಆ ಇಬ್ಬರಲ್ಲಿ ಒಬ್ಬರು ನಮ್ಮ ಮನೆಯವರು. ಹಾಗಾಗಿ ಊಟದ ತಟ್ಟೆಯ ಪಕ್ಕ ಅವರ ಫೋನ್ ಇರುತ್ತದೆ, ನನ್ನದು ಬೀರುವಿನಲ್ಲಿ.